ಎಳೆದು ಚುಚ್ಚಿದ ವೈರು

ನಗೋದಿದ್ರೆ ಈಗಲೇ ನಕ್ಕುಬಿಡಿ, ಆಮೇಲೆ ನಗು ಬರಲ್ಲ. ಇದು ಯಾರೋ ಹೇಳಿದ್ದು, ಇನ್ಯಾರೋ ಕೇಳಿದ್ದು ಅಲ್ಲ. ನನ್ನ ಚಿಕ್ಕಪ್ಪನ ಮಗನಿಗೇ ಆಗಿದ್ದು. ಲಿಫ್ಟ್ ರಿಪೇರಿ ಮಾಡ್ತಾನಲ್ಲ, ಅವನೇ.

ಅವತ್ತು ಕೆಲಸ ಮುಗಿಸಿ ಹೊರಟಾಗ ಹನ್ನೊಂದೂಕಾಲು. ಹಾಳುಬಾವಿ ಪಕ್ಕದ ಅಡ್ಡದಾರಿ ಹಿಡಿದ. ತುಕ್ಕು ಹಿಡಿದ ರಾಟೆ ಗಾಳಿಗೆ ಕಿರ್... ಕಿರ್... ಅಂತಿತ್ತು. ಜೇಬಲ್ಲಿ ಫೋನು ಟುಂಗ್ ಅಂತು. ತೆಗೆದು ನೋಡಿದ. ಮನೆ ಕಂಪ್ಯೂಟರಿನ ಡಿಸ್ಕು ನಿಂತುಹೋಗಿದೆ ಅಂತ ಮೆಸೇಜು.

ಮನೇಲಿ ಮೆಟ್ಟಿಲ ಕೆಳಗೆ ಒಂದು ಹಳೇ ಕಂಪ್ಯೂಟರನ್ನ ಸರ್ವರ್ ಮಾಡಿಟ್ಟಿದ್ದ, ಹಗಲೂ ರಾತ್ರಿ ಓಡ್ತಿತ್ತು. ಅದರ ಬೆನ್ನಲ್ಲಿ ಸಾಲಾಗಿ ಯುಎಸ್‌ಬಿ ತೂತುಗಳು, ನಾಲ್ಕನೇದಕ್ಕೆ ವೈರು ಚುಚ್ಚಿ ಈ ಡಿಸ್ಕು. ಫೋಟೊ, ಬಿಲ್ಲು, ಅವನ ಫೋನ್ ಮಾತುಗಳ ರೆಕಾರ್ಡು, ಎಲ್ಲ ಅದರಲ್ಲೇ. ಡಿಸ್ಕಿಗೊಂದು ಚಾಳಿ... ವಾರಕ್ಕೊಂದು ಸಲ ಮರಗಟ್ಟಿ ಕೂರ್ತಿತ್ತು. ಆಗ ಇವನು ಕೆಲಸದ ಜಾಗದಿಂದ ಅಕ್ಕನಿಗೆ ಫೋನ್ ಮಾಡೋನು. ಅಕ್ಕ ಮನೇಲೇ ಬಟ್ಟೆ ಹೊಲೀತಿದ್ದಳು. ಇವನನ್ನ ಸಾಕಿದ್ದೇ ಅವಳು.

"ನಿನ್ನ ಡಬ್ಬ ಮತ್ತೆ ಮುನಿಸಿಕೊಂಡಿತಾ?"

"ವೈರು ಎಳೆದು ಚುಚ್ಚೇ ಅಕ್ಕ."

"ಎಳೆದೆ... ಚುಚ್ಚಿದೆ. ಊಟ ಮಾಡಿದ್ಯಾ?"

ಅಷ್ಟೇ ಮಾತು. ಎರಡೇ ದಿನದ ಜ್ವರಕ್ಕೆ ಅಕ್ಕ ಹೊರಟುಹೋದಳು. ಅವಳ ದನಿ ಅಂತ ಉಳಿದಿದ್ದು ಈ ಫೋನ್ ಮಾತುಗಳೇ, ಅದೂ ಆ ಒಂದು ಡಿಸ್ಕಲ್ಲಿ. ಕಾಪಿ ಮಾಡಿಟ್ಟುಕೊಳ್ಳೋ ಅಂತ ನಾವೆಲ್ಲ ಬಡ್ಕೊಂಡ್ವಿ. ಹೊಸ ಡಿಸ್ಕು ತಂದ, ಪಕ್ಕದಲ್ಲೇ ಜೋಡಿಸಿದ, ಕಾಪಿ ಮಾತ್ರ ಮಾಡಲಿಲ್ಲ. ಅವಳ ಹೆಸರು ಕಂಡ ಕೂಡಲೇ ಪರದೆ ಮುಚ್ಚಿಬಿಡೋನು. ಎಂಟು ತಿಂಗಳು ನಾಳೆ ನಾಳೆ ಅಂತಲೇ ತಳ್ಳಿದ. ಹಿಂದಿನ ದಿನವಷ್ಟೇ ಕಂಪ್ಯೂಟರ್ ರಿಪೇರಿಯವನು ಖಡಾಖಂಡಿತವಾಗಿ ಹೇಳಿದ್ದ, "ಇದರ ಆಯಸ್ಸು ಮುಗೀತು. ಇನ್ನೊಂದು ಸಲ ನಿಂತು, ಮತ್ತೆ ಎದ್ದರೆ ನಿನ್ನ ಪುಣ್ಯ. ಎದ್ದ ಕೂಡಲೇ ಕಾಪಿಗೆ ಹಾಕು, ಬೇರೇನೂ ಮಾಡಬೇಡ."

ಬಾವಿಕಟ್ಟೆ ಮೇಲೆ ಕೂತು ಫೋನಿಂದಲೇ ಸರ್ವರಿನೊಳಗೆ ಹೋದ. ಕಪ್ಪು ಪರದೆ, ಬಿಳೀ ಅಕ್ಷರ. ರೀಸೆಟ್ ಮಾಡೋಕೆ ಒಂದು ಸಾಲಿನ ಕಮಾಂಡು ಇದೆ, ವೈರು ಮುಟ್ಟದೇನೇ ಎಳೆದು ಚುಚ್ಚಿದ ಹಾಗೆ. ಅಕ್ಕ ಇಲ್ಲದ ಮನೆಗೆ ಅಂತ ಕಲಿತದ್ದು ಅದು. ಹೊಡೆದ. ಏಳಲಿಲ್ಲ. ಮತ್ತೆ ಹೊಡೆದ. ಊಹೂಂ. ಮೂರನೇ ಸಲಕ್ಕೆ "ಉತ್ತರ ಇಲ್ಲ" ಅಂತ ಬಂತು. ಮನೆಗೆ ಹೋಗಿ ಕೈಯಿಂದಲೇ ಎಳೀಬೇಕು ಅಂತ ಎದ್ದ. ಅಭ್ಯಾಸಬಲ ನೋಡಿ... ಬಾಯಿಗೆ ಬಂದೇಬಿಡ್ತು.

"ಅಕ್ಕಾ... ಒಂದ್ಸಲ ಎಳೆದು ಚುಚ್ಚೇ."

ಪಿಸುದನಿ, ಅಷ್ಟೇ.

ರಾಟೆ ಸದ್ದು ನಿಂತಿತು. ಪರದೆ ಮೇಲೆ ತಾನಾಗೇ ಒಂದು ಸಾಲು ಮೂಡಿತು. ನಾಲ್ಕನೇ ತೂತಿಂದ ಡಿಸ್ಕು ಕಳಚಿದೆ. ಒಂದು ಸೆಕೆಂಡು... ಎರಡು... ಮೂರು. ಎರಡನೇ ತೂತಿಗೆ ಡಿಸ್ಕು ಸೇರಿದೆ.

ಕಮಾಂಡು ಏನು ಬೇಕಾದ್ರೂ ಮಾಡಲಿ, ವೈರನ್ನ ಒಂದು ತೂತಿಂದ ಇನ್ನೊಂದಕ್ಕೆ ಹಾಕೋಕೆ ಅದಕ್ಕಾಗಲ್ಲ. ಅದಕ್ಕೆ ಕೈ ಬೇಕು.

ಡಿಸ್ಕು ಎದ್ದಿತ್ತು. ಅಲ್ಲೇ ಕೂತು ಇನ್ನೊಂದು ಸಾಲು ಹೊಡೆದಿದ್ರೆ ಅಷ್ಟೂ ಮಾತು ಹತ್ತು ನಿಮಿಷದಲ್ಲಿ ಕಾಪಿ ಆಗೋದು. ಹೊಡೆದನಾ? ಫೋನು ಜೇಬಿಗೆ ತುರುಕಿ ಎದ್ದೆನೋ ಬಿದ್ದೆನೋ ಅಂತ ಓಡಿದ. ಮನೇಲಿ ಅಕ್ಕನೇ ಇದ್ದಾಳೆ ಅಂದಮೇಲೆ ಕಾಪಿ ಯಾರಿಗೆ ಬೇಕು ಹೇಳಿ.

ಹಾಕಿದ ಬೀಗ ಹಾಕಿದ ಹಾಗೇ ಇತ್ತು. ತೆಗೆದ. ಕತ್ತಲು. ಮೆಟ್ಟಿಲ ಕೆಳಗೆ ಡಿಸ್ಕು ಗುಂಯ್... ಅಂತ ತಿರುಗ್ತಿತ್ತು.

"ಅಕ್ಕಾ?"

ಅಡುಗೆಮನೆ ನೋಡಿದ. ಹೊಲಿಗೆ ಕೋಣೆ ನೋಡಿದ. ಮಂಚದ ಕೆಳಗೂ ಬಗ್ಗಿ ನೋಡಿದ, ಮೂವತ್ತೆಂಟು ವರ್ಷದ ಗಂಡಸು. "ನಾನು ಕಣೇ... ಹೆದರಬೇಡ, ಬಾರೇ," ಅಂತ ಬಚ್ಚಲಮನೆ ಬಾಗಿಲಲ್ಲಿ ನಿಂತು ಕರೆದ. ಅಷ್ಟರಲ್ಲಿ ಹಿಂದುಗಡೆ ಗುಂಯ್ ಅನ್ನೋದು ಸಣ್ಣಗಾಗ್ತಾ ಬಂತು. ಟಿಕ್... ಟಿಕ್... ಟಕ್. ನಿಂತೇಹೋಯ್ತು.

ಮತ್ತೆ ಏಳಲಿಲ್ಲ. ರಿಪೇರಿಯವನು ಬಿಚ್ಚಿ ನೋಡಿ, ಏನೂ ಉಳಿದಿಲ್ಲ ಅಂತ ಕೈಚೆಲ್ಲಿದ. ಅಕ್ಕನ ಒಂದು ಮಾತೂ ಸಿಗಲಿಲ್ಲ. "ಅವಳು ಬಂದು ಅವಳ ಕೆಲಸ ಮಾಡಿ ಹೋದಳು ಕಣೋ. ನಾನು ನನ್ನ ಕೆಲಸ ಮಾಡಲಿಲ್ಲ," ಅಂತ ನನ್ನ ಹೆಗಲ ಮೇಲೆ ಹಣೆ ಇಟ್ಟು ಬಿಕ್ಕಿಬಿಕ್ಕಿ ಅತ್ತ. ನನಗೂ ಅಕ್ಕನೇ ಅಲ್ವಾ ಅವಳು... ನಾನೂ ಅತ್ತೆ.

ಸುಳ್ಳು ಅನ್ನೋರು ಅನ್ಕೊಳ್ಳಿ. ಮಾರನೇ ದಿನ ಬೆಳಿಗ್ಗೆ ಆ ಮನೆಗೆ ಮೊದಲು ಹೋದವನು ನಾನು. ಎರಡನೇ ತೂತಲ್ಲಿ ಯಾವಾಗಲೂ ಪ್ರಿಂಟರ್ ವೈರು ಇರ್ತಿತ್ತು, ಹಾಕಿಕೊಟ್ಟವನೂ ನಾನೇ. ಅದನ್ನ ಕಳಚಿ, ನೀಟಾಗಿ ಮಡಿಸಿ, ಕುರ್ಚಿ ಮೇಲೆ ಇಟ್ಟಿದ್ರು. ಕಳಚಿದ್ದು ಯಾವಾಗ ಅನ್ನೋದೂ ಸರ್ವರಿನಲ್ಲಿ ದಾಖಲಾಗಿದೆ, ಇವತ್ತು ಬಂದರೂ ತೋರಿಸ್ತೀನಿ. ರಾತ್ರಿ ಹನ್ನೊಂದು ಗಂಟೆ ಐದು ನಿಮಿಷ. ಆಗಿನ್ನೂ ಡಿಸ್ಕು ನಿಂತಿರಲಿಲ್ಲ, ಅವನು ಕೆಲಸದಿಂದ ಹೊರಟೂ ಇರಲಿಲ್ಲ.