ನೂಲು ಹಿಡಿದು ಅಳೆದ ಊರು

ಹಲೋ... ಹಲೋ, ಯಾರ್ರಿ ಮಾತಾಡಾದು? ಇದು ಜಂಬುನಾಥ ಅವರ ಫೋನ್ ಅಲ್ವಾ?

...

ನಾನು ಶೀಲಾ. ಅವರ ಹೆಂಡ್ತಿ. ನೀವು? ... ಹಾಂ, ಪಕ್ಕೀರಪ್ಪ, ಅವರ ಜೋಡಿ ಕೆಲಸ ಮಾಡೋರು. ತೆಲುಗಿನ್ಯಾಗೇ ಹೇಳ್ರಿ ಅಣ್ಣ, ನನಗ ತಿಳೀತೈತಿ, ಬಳ್ಳಾರಿ ಕೌಲ್ ಬಜಾರಿನ್ಯಾಗ ಹುಟ್ಟಿ ಬೆಳದಾಕಿ ನಾನು. ಅವರನ್ನ ಸ್ವಲ್ಪ ಕರೀರಿ, ಅರ್ಜೆಂಟ್ ಐತಿ.

...

ಟೀ ಕುಡಿಯಾಕ ಕೆಳಗ ಇಳದಾರಾ? ಒಂದ ಸಲ ಕೂಗಿ ನೋಡ್ರಲ್ಲ. ಇಲ್ಲಿ ಬಳ್ಳಾರಿಯಾಗ ನಮ್ಮ ಟೀಚರ್‌ಗಳ ವರ್ಗಾವಣಿ ಕೌನ್ಸೆಲಿಂಗ್ ನಡದೈತಿ. ಮೂವತ್ತೆಂಟನೇ ನಂಬರ್ ಒಳಗ ಹೋತು, ನಂದು ನಲವತ್ತೆರಡು. ಒಳಗ ಕುಂತು ಊರ ಹೆಸರು ಹೇಳಿ ಸೈ ಹಾಕಿದ್ರ ಮುಗೀತು, ಇನ್ನ ವರ್ಷಗಟ್ಲೆ ಬದಲಿ ಮಾಡಾಕ ಬರಂಗಿಲ್ಲ. ಅದಕ್ಕ ಅವರನ್ನ ಕಡೀ ಮಾತು ಕೇಳಬೇಕಾಗೈತಿ.

...

ಕೆಳಗ ಅಂದ್ರ? ಗೋದಾಮಿಗೆ ಮಾಳಿಗಿ ಎಲ್ಲೈತಿ? ... ರೂಮಾ? ಯಾವ ರೂಮು? ಸಿಂಧನೂರಿನ್ಯಾಗ ಅವರು ಬೀಜದ ಗೋದಾಮಿನ್ಯಾಗೇ ಮಲಗ್ತಾರಲ್ಲ, ಸೀಸನ್ ಐತಿ ಅಂತ.

...

ಎಲ್ಲಿ?

...

ನಂದ್ಯಾಲ.

...

ಇಲ್ಲ, ಕೇಳಸ್ತು. ನಂದ್ಯಾಲ ಅಂದ್ರಿ. ಆಂಧ್ರದಾಗ. ಅವರು ಅಲ್ಲಿಗೆ ಬಂದು ಎಷ್ಟ ದಿನ ಆತು? ... ಯುಗಾದಿ ಮಾರನೇ ದಿನದಿಂದ. ಹಾಂ. ಕಂಪನಿಯವರು ಕಳಿಸಿದ್ರಾ?

...

ತಾವೇ ಕೇಳಿ ಹಾಕಿಸ್ಕೊಂಡಾರ. ... ಹೌದ್ರಿ, ಬಾಳ ಚಲೋ ಮನಶಾರು. ಮಾತು ಕಡಿಮಿ. ಹೌದು, ಮನ್ಯಾಗೂ ಹಂಗ ಇರ್ತಾರ.

...

ಬಂದ್ರಾ? ಕೊಡ್ರಿ.

...

ಹಲೋ. ನಾನು. ಟೀ ಆತಾ?

...

ತಡವರಸಬ್ಯಾಡ್ರಿ, ನಾ ಅಳಾಕ ಹತ್ತಿಲ್ಲ. ಆ ಅಣ್ಣಗೂ ಬೈಬ್ಯಾಡ್ರಿ, ಪಾಪ, ಆತಗೇನು ಗೊತ್ತು ನಮ್ಮ ಮನಿ ಕತಿ. ಕೇಳಿದ್ದಕ್ಕ ಹೇಳಿದ. ... ಎರಡು ತಿಂಗಳಿಂದ ಶನಿವಾರ ಸಂಜಿ ಬಂದು, ಸಿಂಧನೂರು ಬಸ್ಸು ಬಾಳ ರಶ್ ಇತ್ತು, ನಿಂತ್ಕೊಂಡೇ ಬಂದೆ ಅಂತಿದ್ರಲ್ಲ? ನಾ ಬಿಸಿನೀರು ಕಾಸಿ, ಉಪ್ಪು ಹಾಕಿ, ಕಾಲಿಗೆ ಇಡ್ತಿದ್ದೆ. ಸಿಟ್ಟು ಬರಾದು ಅದಕ್ಕ ನೋಡ್ರಿ. ಆ ನೀರಿಗೆ.

...

ಈಗ ಅದು ಬ್ಯಾಡ. ಮೂವತ್ತೊಂಬತ್ತು ಒಳಗ ಹೋತು. ಕೇಳ್ರಿಲ್ಲಿ. ಗ್ವಾಡಿಮ್ಯಾಲ ಖಾಲಿ ಇರೋ ಊರು ತೋರಸಾಕ ಹತ್ಯಾರ. ಗಣಿತಕ್ಕ ಎರಡ ಉಳದಾವ. ಹಚ್ಚೊಳ್ಳಿ ಒಂದು, ನಾವಿರೋ ಕುರುಗೋಡು ಒಂದು. ಹಚ್ಚೊಳ್ಳಿ ತಗೊಂಡ್ರ ಸಿರುಗುಪ್ಪದಾಗ ಮನಿ ಮಾಡಾದು, ನಾನು ಅಲ್ಲಿಂದ ಸಾಲಿಗೆ, ನೀವು ಅಲ್ಲಿಂದ ಸಿಂಧನೂರಿಗೆ, ದೀಪ ಹಚ್ಚೂದ್ರೊಳಗ ಇಬ್ರೂ ಮನ್ಯಾಗ. ಹಂಗ ಅಲ್ವಾ ಮಾತಾಡಿದ್ದು? ಹೋದ ಭಾನುವಾರ ಮನಿ ನೋಡಾಕ ಬಂದ್ರಲ್ಲ ನನ್ ಜೋಡಿ? ರೈಸ್ ಮಿಲ್ಲಿನ ಹಿಂದಿಂದು. ತೌಡಿನ ಧೂಳು ಬರತೈತಿ ಅಂತ ಕಿಡಕಿ ಸೈತ ಮುಚ್ಚಿ ತೆಗದು ನೋಡಿದ್ರಲ್ಲ?

...

ನನ್ನ ಮನಸು ಮುರೀಬಾರದು ಅಂತ. ... ಹಾಂ. ಇರಲಾರದ ಮನಿ ಕಿಡಕಿ ಮುಚ್ಚಿ ನೋಡಿದ್ರಿ.

...

ತಡೀರಿ ಒಂದ ನಿಮಿಷ. ... ಏನಿಲ್ಲವ್ವ ರಶ್ಮಿ, ಮನಿಯವರ ಫೋನು. ನೀ ಬಾಗಲ ಹತ್ರ ನಿಂದ್ರು ಹೋಗು, ನಲವತ್ತೊಂದು ನಿಂದ ಅಲ್ವಾ? ... ರಶ್ಮಿ ರೀ. ದಿನಾ ಸಂಡೂರ ಕಡಿ ನನ್ ಜೋಡಿ ಬಸ್ಸಿಗೆ ಬರ್ತಾಳಲ್ಲ, ಪಕ್ಕದ ಸಾಲಿ ಗಣಿತದ ಟೀಚರು. ಮುಂಜಾನಿ ಕೇಳಿದ್ಲು, ಅಕ್ಕ, ಕುರುಗೋಡು ನಿನಗ ಬೇಕಂದ್ರ ನಾ ಕೈ ಹಾಕಂಗಿಲ್ಲ ಅಂತ. ನಾ ಅಂದೆ, ತಗೊಳ್ಳವ್ವ, ನಾವು ಸಿರುಗುಪ್ಪಕ್ಕ ಹೊಂಟೀವಿ. ಬಾಯಿ ತುಂಬ ಅಂದೆ ರೀ. ನಾವು ಅಂತ ಅಂದೆ.

...

ಹೌದು, ಕುರುಗೋಡೇ. ಬಸವೇಶ್ವರ ಗುಡಿ ದಾಟಿದ್ರ ಸಾಲಿ. ಮನಿಯಿಂದ ಹತ್ತು ನಿಮಿಷ, ನಡಕೊಂಡು ಹೋಗಬಹುದಿತ್ತು. ನಿಮಗ ದೂರ ಆಗತೈತಿ ಅಂತ ಬಿಟ್ಟೆ.

...

ನೆಪ್ಪೈತೇನ್ರಿ, ಮದುವಿ ಆದ ಹೊಸದಾಗ? ಎತ್ತು ಏರಿಗೆ ಕೋಣ ನೀರಿಗೆ ಅನ್ನಂಗ ಕಚ್ಯಾಡತಿದ್ವಿ. ನಾ ನನ್ನ ಸಾಲಿ ಇರೋ ಸಂಡೂರ ಕಡಿ ಮನಿ ಅಂತ, ನೀವು ಸಿಂಧನೂರ ಕಡಿ ಅಂತ. ಕಡೀಕ, ಒಬ್ಬರಿಗೂ ಅನ್ಯಾಯ ಆಗಬಾರದು ಅಂತ ನಕಾಶಿ ಮ್ಯಾಲ ನೂಲು ಹಿಡದು ಅಳತಿ ಮಾಡಿ, ಆ ನೂಲು ನಡಕ ಮಡಚಿದ್ವಿ. ಗಣಿತದ ಟೀಚರ್ ಅಂತ ನಾನೇ ಮಡಚಿದ್ದು. ಕುರುಗೋಡು ಬಂತು. ಎಷ್ಟ ನಕ್ವಿ ಅವತ್ತು! ನಿಮಗೂ ಎರಡು ತಾಸು, ನನಗೂ ಎರಡು ತಾಸು. ಲೆಕ್ಕ ಸರಿ ಬಂತು. ಹಗಲೆಲ್ಲಾ ಇಬ್ರೂ ಮನಿಯಿಂದ ಅಷ್ಟ ದೂರ ಇರ್ತೀವಿ ಅನ್ನಾದು ಯಾರ ತಲಿಗೂ ಹೊಳೀಲಿಲ್ಲ.

...

ಆ ಬಸ್ಸಿನ ದಿನದ ಮಾತು ನಾ ಎತ್ತಾಕ ಹತ್ತಿಲ್ಲ. ನೀವೇ ಎತ್ತಿದ್ರಿ. ... ಎತ್ರಿ ಹಂಗಾರ. ನಾಕ ತಿಂಗಳಾತು, ಇಬ್ರೂ ಬಾಯಿ ಬಿಟ್ಟಿಲ್ಲ. ಶಿವರಾತ್ರಿ ಮುಂದ, ಏಳು ತಿಂಗಳು ತುಂಬಿತ್ತು ನನಗ. ಮನಿ ಮಾಲಕಿ ಎರ್ರಮ್ಮ ದಿನಾ ಬಡಕೊಂತಿದ್ಲು, ಏಳರಾಗ ಬಸುರಿ ಊರ ಸೀಮಿ ದಾಟಬಾರದವ್ವ ಅಂತ. ನಾ ದಿನಾ ಹತ್ತು ಊರ ಸೀಮಿ ದಾಟತಿದ್ದೆ. ಅವತ್ತು ಬಸ್ಸು ಕುಡತಿನಿ ಬಿಟ್ಟ ಮ್ಯಾಲ ಬ್ಯಾನಿ ಸುರು ಆತು. ತೋರಣಗಲ್ಲಿನ್ಯಾಗ ಇಳಿಸಿ ಕಲ್ಲ ಬೆಂಚಿನ ಮ್ಯಾಲ ಮಲಗಿಸಿದ್ರು. ರಶ್ಮಿ ಸೀರಿ ಅಡ್ಡ ಹಿಡದು ನಿಂತಿದ್ಲು. ನಾ ಹದಿನಾಕ ಸಲ ಫೋನ್ ಮಾಡಿದೆ.

...

ಗೊತ್ತೈತಿ. ಗೋದಾಮಿನ್ಯಾಗ ಫೋನು ಹೊರಗ ಇಡಸ್ಕೋತಾರ. ಗೊತ್ತೈತಿ ರೀ. ನಾ ಒಂದ ದಿನಾರ ಯಾಕ ಎತ್ತಲಿಲ್ಲ ಅಂತ ಕೇಳೀನೇನು?

...

ಕೇಳಲಿಲ್ಲ ಅಂತ ಚುಚ್ಚತಿತ್ತಾ? ಬಾಯಿಗೆ ಬಂದಂಗ ಬೈದಿದ್ರ ಚಲೋ ಇತ್ತಾ? ... ಮುಖ ನೋಡಾಕ ಆಗಲ್ಲ? ... ಯಾರ ಮುಖ? ನಂದಾ?

...

ಹಾಂ. ನಂದ.

...

ನನಗೂ ಆ ಮನಿ ಬಾಗಲ ತೆಗಿಯಾಕ ಕೈ ಏಳಂಗಿಲ್ಲ ರೀ. ಉಳೀಲಾರದ ಕೂಸಿಗಂತ ಹೊಲಿಸಿದ್ದ ಕುಲಾಯಿ ಇನ್ನ ಅಲ್ಲೇ ಟ್ರಂಕಿನ್ಯಾಗ ಐತಿ. ದಿನಾ ಸಂಜಿ ಎರ್ರಮ್ಮನ ಕಡಿಂದ ಕೀಲಿ ಇಸ್ಕೊಂಡು ಮೆಟ್ಟಲ ಮ್ಯಾಲೇ ಕುಂದರ್ತೀನಿ. ಎರ್ರಮ್ಮ ಬಂದು, ಒಳಗ ಹೋಗವ್ವ, ಸೊಳ್ಳಿ ಕಡೀತಾವ ಅಂತಾಳ. ಹೋಗ್ತೀನಿ. ಓಡಿ ಹೋಗಾಕ ನನಗ ಯಾವ ನಂದ್ಯಾಲನೂ ಇರಲಿಲ್ಲ.

...

ಅಳಬ್ಯಾಡ್ರಿ. ಆ ಅಣ್ಣ ಅಲ್ಲೇ ಇರಬೇಕು, ಏನ್ ತಿಳ್ಕೋತಾನ. ... ತಡೀರಿ, ನಲವತ್ತೊಂದು ಕರದ್ರು. ರಶ್ಮಿ ಒಳಗ ಹೋದ್ಲು.

...

ಕೂಗಬಹುದು. ಕೂಗಿದ್ರ ನಿಂದರ್ತಾಳ ಆಕಿ, ಅಂಥಾಕಿ. ಬಿಟ್ಟೂ ಕೊಡ್ತಾಳ. ... ಇಲ್ಲ, ಕೂಗಂಗಿಲ್ಲ. ಆಕಿ ಅತ್ತಿ ಕುರುಗೋಡಿನ್ಯಾಗ ಹಾಸಿಗಿ ಹಿಡದಾಳ, ಈಕಿ ಮುಂಜಾನಿ ಐದಕ್ಕ ಗಂಜಿ ಕುಡಿಸಿ ಬಸ್ಸು ಹತ್ತತಾಳ. ನನ್ ಜೋಡಿ ತೋರಣಗಲ್ಲಿನ್ಯಾಗ ಇದ್ದಾಕಿ ಆಕಿ ಒಬ್ಬಾಕಿ. ಆಕಿ ಕಡಿಂದ ಹೆಂಗ ಕಸಗೊಳ್ಳಲಿ?

...

ಹೇಳ್ರಿ ಈಗ. ಎಲ್ಲಿ ಇರಾದು?

...

ನನಗ ಎಲ್ಲಿ ಅನುಕೂಲನೋ ಅಲ್ಲಿ? ... ಇನ್ನೊಂದ ಸಲ ಹೇಳ್ರಿ. ... ನಾ ಕೇಳಿದ್ದು ಅದಲ್ರಿ. ನಾ ಎಲ್ಲಿ ಇರ್ಲಿ ಅಂತ ಕೇಳಾಕ ನಲವತ್ತೆರಡನೇ ನಂಬರ್ ಹಿಡಕೊಂಡು ಇಲ್ಲಿ ಯಾಕ ನಿಂತಿರ್ತಿದ್ದೆ? ನಾವು ಎಲ್ಲಿ ಇರಾದು ಅಂತ ಕೇಳೀನಿ.

...

ವಾಪಸ್ ಬರ್ತೀನಿ ಅನ್ರಿ. ಈಗ ಬ್ಯಾಡ, ವರ್ಷ ಬಿಟ್ಟು ಬರ್ತೀನಿ ಅನ್ರಿ. ಸುಳ್ಳಾರ ಹೇಳ್ರಿ, ಇಷ್ಟ ದಿನ ಹೇಳಿದ್ರಲ್ಲ. ನಾ ಹಚ್ಚೊಳ್ಳಿಗೆ ಸೈ ಹಾಕಿ ಸಿರುಗುಪ್ಪದಾಗ ಕಾಯ್ತೀನಿ. ಧೂಳು ಬಂದ್ರ ಬರ್ಲಿ. ... ಇಲ್ಲಂದ್ರ ನಾನೇ ರಜಾ ಹಾಕಿ ನಂದ್ಯಾಲಕ್ಕ ಬರ್ಲೇನು? ಬರ್ಲೇನ್ರಿ?

...

ಹಲೋ?

...

ಅದೀರಿ. ಉಸುರು ಕೇಳಸಾಕ ಹತ್ತೈತಿ.

...

ರಶ್ಮಿ ಹೊರಗ ಬಂದ್ಲು. ಮುಖ ನೋಡಿದ್ರ ತಿಳೀತೈತಿ, ಕುರುಗೋಡು ಆಕೀಗೆ ಆತು. ... ಚಲೋ ಆತವ್ವ, ಚಲೋ ಆತು. ಯಾಕ ಅಳ್ತಿ? ... ನಾನಾ? ನಾ ಅತ್ತಿಲ್ಲ, ಇಲ್ಲಿ ಗಾಳಿ ಇಲ್ಲ ನೋಡು, ಬೆವರು.

...

ನಲವತ್ತೆರಡಾ? ನಾನೇ ಸರ್, ಬಂದೆ. ... ಹೌದು ಸರ್, ನೋಡಿದೆ. ಹಚ್ಚೊಳ್ಳಿ ಒಂದ ಉಳದೈತಿ. ... ಒಂದ ನಿಮಿಷ ಸರ್, ನಮ್ಮ ಮನಿಯವರು ಲೈನಿನ್ಯಾಗ ಅದಾರ. ... ರೀ, ನಾಕ ಮಂದಿ ನನ್ನ ಮುಖಾನೇ ನೋಡಾಕ ಹತ್ಯಾರ. ಹೂಂ ಅನ್ರಿ, ಇಲ್ಲಾ ಅನ್ರಿ. ಎರಡರಾಗ ಒಂದು.

...

ಆತು ಬಿಡ್ರಿ. ಕೀಲಿ ಎರ್ರಮ್ಮನ ಕಡೀನೇ ಇರತೈತಿ. ನಿಮ್ಮ ಅರಿವಿ ಅಂಚಡಿ ತಗೊಂಡು ಹೋಗಾಕ ಬಂದ್ರ ಕೇಳಿ ಇಸ್ಕೊಳ್ರಿ. ಟ್ರಂಕು ಮುಟ್ಟಬ್ಯಾಡ್ರಿ.

...

ಹಚ್ಚೊಳ್ಳಿ ಬ್ಯಾಡ ಸರ್. ಅಲ್ಲಿ ನನಗ ಯಾರೂ ಇಲ್ಲ. ಸಂಡೂರ ಕಡಿ ಇದ್ದಲ್ಲೇ ಇರ್ತೀನಿ, ಹಂಗ ಬರ್ಕೊಳ್ರಿ. ಅಲ್ಲೇ ಒಂದ ರೂಮು ನೋಡ್ಕೋತೀನಿ. ... ಹೌದು ಸರ್, ವಿಚಾರ ಮಾಡೀನಿ. ಎಲ್ಲಿ ಸೈ? ... ಇದೇನು ಸರ್, ಪತಿ ವಾಸವಿರುವ ಸ್ಥಳ? ಇದನ್ನೂ ತುಂಬಬೇಕಾ?

...

ರೀ, ಕೇಳಸ್ತಾ? ನೀವು ಎಲ್ಲಿ ಇರ್ತೀರಿ ಅಂತ ಕೇಳಾಕ ಹತ್ಯಾರ. ಏನಂತ ಬರೀಲಿ? ... ರೀ? ... ಹಲೋ? ... ಹಲೋ?

...

ಕಟ್ ಆತು ಸರ್. ಅಲ್ಲಿ ಖಾಲಿ ಬಿಡ್ರಿ.