ಬಾಣ ಹೊರಬೀಳುವ ಕಡೆ

ಆ ಮೂಲೆಯ ದೀಪವೊಂದಿರಲಿ, ಉಳಿದವನ್ನು ಆರಿಸಿ. ಹೇಳುತ್ತೇನೆ.

ಈ ಪರದೇಶದಲ್ಲಿ, ಬುಲ್ ರನ್ ಹೊಳೆಯ ಆಚೆ, ಕಾಡೊಳಗೆ, ಒಂದು ಹಾಳುಬಾವಿಯಿದೆ. ಹಿಂದೆ ಯಾರದೋ ಒಕ್ಕಲುಮನೆ ಇದ್ದ ಜಾಗ. ಮನೆ ಹೋಯಿತು, ಕಲ್ಲಿನ ಕಟ್ಟೆ ಉಳಿಯಿತು. ಬೇಟೆಯಾಡಿ ಕಾರಿಗೆ ಮರಳುವವರು ಅದನ್ನು ದಾಟಿಯೇ ಬರಬೇಕು. ನನ್ನ ತಂಗಿಯ ಮಗ ಕಲ್ಮೇಶ ಅಲ್ಲಿ ಕಂಡದ್ದು ಇದು. ಇಪ್ಪತ್ತೆರಡನೆಯ ಇಸವಿಯ ನವೆಂಬರಿನ ಮಾತು.

ಕಲ್ಮೇಶ ವೈದ್ಯ. ಸೆಂಟರ್‌ವಿಲ್‌ನಲ್ಲಿ ಮನೆ, ಕೆಲಸ ಆಸ್ಪತ್ರೆಯ ಐಸಿಯುನಲ್ಲಿ. ಕೋವಿಡ್ಡಿನ ಕಾಲದಲ್ಲಿ ಅವನ ಕಣ್ಣೆದುರು ಎಷ್ಟು ಜನ ಹೋದರೆಂಬುದನ್ನು ಅವನು ಹೇಳಲಿಲ್ಲ, ನಾವು ಕೇಳಲಿಲ್ಲ. ಅವನು ಅಳಲೂ ಇಲ್ಲ. ಉಣ್ಣೆಂದರೆ ಉಣ್ಣುವನು, ಮಲಗೆಂದರೆ ಮಲಗುವನು... ಅಷ್ಟೆ.

ಅವನನ್ನು ಬೇಟೆಗೆ ಎಬ್ಬಿಸಿಕೊಂಡು ಹೋದವರು ನೆರೆಮನೆಯ ಬಸಲಿಂಗಪ್ಪನವರು. ಬಾಗಲಕೋಟೆ ಕಡೆಯವರು, ನಿವೃತ್ತರಾದ ಎಲುಬಿನ ಡಾಕ್ಟರರು. ಬಹಳ ವರ್ಷಗಳಿಂದ ಇಲ್ಲಿ ಬಿಲ್ಲು ಹಿಡಿದು ಜಿಂಕೆ ಹೊಡೆಯುವವರು. ಮಾಂಸವೆಲ್ಲ ಬಡವರ ಊಟದ ಮನೆಗೆ; ತಮಗೆ ಮಾತ್ರ ರೊಟ್ಟಿ, ಮೊಸರು, ಶೇಂಗಾ ಚಟ್ನಿ.

ಕಲ್ಮೇಶ ಒಪ್ಪಿದ್ದು ಒಂದೇ ಕರಾರಿನ ಮೇಲೆ. "ಅಂಕಲ್, ಒಂದ ಹೊಡ್ತಕ್ಕ ಬೀಳಬೇಕು. ನನ್ನ ಕಣ್ಣಮುಂದ ಇನ್ನೊಂದು ಜೀವ ಎಳಕೋತ ಎಳಕೋತ ಹೋಗಬಾರದು."

"ಹಂಗಾದ್ರ ಗುರಿ ಕಲಿ," ಎಂದರು ಅವರು.

ಇಡೀ ಬೇಸಗೆ ಹಿತ್ತಿಲಲ್ಲಿ ಬೊಂಬೆಯ ಜಿಂಕೆ ನಿಲ್ಲಿಸಿ ಕಲಿಸಿದರು. ಮೃಗವು ಅಡ್ಡ ನಿಂತಿದ್ದರೆ ಮುಂಗಾಲಿನ ಹಿಂದಿನ ಗೆರೆಯನ್ನು ಹಿಡಿದು ಮೇಲೇರಬೇಕು. ಎದೆಯ ಮೂರರಲ್ಲೊಂದು ಪಾಲು ಏರಿ ನಿಲ್ಲಬೇಕು. ಅಲ್ಲಿ ಬಾಣ ಎರಡೂ ಪುಪ್ಪುಸಗಳನ್ನು ಹಾಯುತ್ತದೆ, ಗುಂಡಿಗೆ ಅದರ ಕೆಳಗೇ ಇದೆ. ಆದರೆ ಬೆನ್ನನ್ನು ಓರೆ ಮಾಡಿ, ಮುಖ ಆಚೆ ಮಾಡಿ ನಿಂತಿದ್ದರೆ ಲೆಕ್ಕವೇ ಬೇರೆ.

"ಈ ಕಡೆ ಕಾಲು ಮರೆತುಬಿಡು. ಆ ಕಡೆ ಮುಂಗಾಲಿಗೆ ಗುರಿ ಇಡು. ಬಾಣ ಒಳಗ ಹೊಗೋ ಜಾಗ ನೋಡಬ್ಯಾಡ... ಹೊರಗ ಬೀಳೋ ಜಾಗ ನೋಡು."

ಕಲ್ಮೇಶ ಚೆನ್ನಾಗಿಯೇ ಕಲಿತ. ಬೊಂಬೆಯ ಮೇಲೆ ಒಂದು ಬಾಣವೂ ತಪ್ಪಲಿಲ್ಲ.

ಆ ಸಂಜೆ ಇಬ್ಬರೂ ಹಸಿರು ಬಟ್ಟೆಯ ಗುಡಾರದೊಳಗೆ ಕುಳಿತಿದ್ದರು. ಹೊತ್ತು ಮುಳುಗುವಾಗ ತರಗೆಲೆಯ ಮೇಲೆ ಸದ್ದು... ಚರ್... ಚರ್... ನಿಂತಿತು. ಕೊಂಬಿನ ಗಂಡು. ಬೆನ್ನು ಓರೆ, ಮುಖ ಆಚೆ.

"ಆ ಕಡೆ ಕಾಲು," ಎಂದು ಬಸಲಿಂಗಪ್ಪನವರು ಪಿಸುಗುಟ್ಟಿದರು.

ಸೂಜಿ ಚುಚ್ಚುವುದೇ ಕಸುಬಾದವನ ಕಣ್ಣು ಚರ್ಮದ ಮೇಲೆಯೇ ನಿಲ್ಲುತ್ತದೆ. ಕಲ್ಮೇಶನು ಕಂಡದ್ದು ಈ ಕಡೆಯ ಕಾಲನ್ನು. ಅದರ ಹಿಂದಿನ ಮಡಿಕೆಗೇ ಬಿಟ್ಟ. ಟಣ್... ಥಪ್. ಜಿಂಕೆ ಹಿಂಗಾಲು ಝಾಡಿಸಿ ಮರೆಯಾಯಿತು. ಬಾಣ ಒಂದೇ ಪುಪ್ಪುಸವನ್ನು ಸೀಳಿ ಮುಂದಕ್ಕೆ ಜಾರಿತ್ತು. ಒಂದೇ ಪುಪ್ಪುಸ ಹೋದ ಮೃಗ ಬೇಗ ಸಾಯುವುದಿಲ್ಲ.

ಕಲ್ಮೇಶ ಎದ್ದ.

"ಕುಂಡ್ರೋ! ಬೆನ್ನು ಹತ್ತಿದ್ರ ಓಡತದ. ಬಿಟ್ರ ಅಲ್ಲೇ ಮಲಗತದ. ಕುಂಡ್ರು."

"ಬ್ಲೀಡ್ ಆಗ್ಲಿಕ್ಕತ್ತದ, ಅಂಕಲ್."

"ಆಗಲಿ ಅಂತನ ಬಾಣ ಬಿಟ್ಟೀವಲ್ಲೋ ಮಾರಾಯ!"

ಅವನು ನಿಲ್ಲಲಿಲ್ಲ. ರಕ್ತ ಹೋಗುತ್ತಿರುವ ಕಡೆಗೆ ಓಡುವುದೊಂದನ್ನೇ ಆ ಕಾಲುಗಳು ಬಲ್ಲವು. ಪೊದೆಯ ಹಿಂದೆ ಮಲಗಿದ್ದ ಜಿಂಕೆ ಅವನ ಹೆಜ್ಜೆಗೆ ಬೆದರಿ ಎದ್ದು, ಮುಗ್ಗರಿಸಿ, ಮತ್ತೆ ಓಡಿತು.

ಕತ್ತಲಾಯಿತು. ಹಣೆಗೆ ದೀಪ ಕಟ್ಟಿಕೊಂಡು ನಡೆದರು. ಓಕ್ ಎಲೆಗಳ ಮೇಲೆ ನಸುಗೆಂಪು ನೊರೆ. ಆ ನೊರೆ ಎಲ್ಲಿಂದ ಬರುತ್ತದೆಂದು ಅವನಿಗೆ ಯಾರೂ ಹೇಳಬೇಕಿರಲಿಲ್ಲ. ಬಸಲಿಂಗಪ್ಪನವರು ಮೊಣಕಾಲು ಹಿಡಿದುಕೊಂಡು ಹಿಂದುಳಿದರು. ಅವನೊಬ್ಬನೇ ಮುಂದೆ.

ಆಗ ಕೇಳಿಸಿತು. ಸ್ಸೂ... ಗುಳ್. ಸ್ಸೂ... ಗುಳ್. ಐಸಿಯುನಲ್ಲಿ ದಿನವೂ ಕೇಳಿದ ಅದೇ ಉಸಿರು. ಹೆದರಿಕೆಯಾಯಿತೇ ಎಂದು ನಾನು ಕೇಳಿದ್ದೇನೆ. "ಇಲ್ಲ ಮಾಮಾ, ಏನೂ ಆಗಲಿಲ್ಲ. ವಾರ್ಡಿಗೆ ಹೋದಂಗ ಹೋದೆ," ಎಂದ.

ಬಾವಿಯ ಕಟ್ಟೆಯ ಬುಡದಲ್ಲಿ ಜಿಂಕೆ ಒರಗಿತ್ತು. ಅದರ ಪಕ್ಕದಲ್ಲಿ ಯಾರೋ ಮೊಣಕಾಲೂರಿ ಕುಳಿತಿದ್ದರು. ಬೆನ್ನು ಇವನ ಕಡೆಗೆ. ಹಳದಿ ಗೌನು, ಆಸ್ಪತ್ರೆಯದು. ನೀಲಿ ಗ್ಲೌಸು ತೊಟ್ಟ ಕೈ ಜಿಂಕೆಯ ಎದೆಯ ಮೇಲೆ ಚಪ್ಪಟೆಯಾಗಿ ಇತ್ತು. ಕಾಡಿನ ಮೃಗ... ಕೊಸರಾಡಲಿಲ್ಲ.

ತಿರುಗಿ ನೋಡದೆಯೇ, ಮಾಸ್ಕಿನ ಹಿಂದಿನಿಂದ ಬಂದಂಥ ಮೆಲುದನಿ:

"ಟೈಮ್, ಡಾಕ್ಟರ್?"

ಆಸ್ಪತ್ರೆಯಲ್ಲಿ ಜೀವ ಹೋದಾಗ ವೈದ್ಯನು ಗಡಿಯಾರ ನೋಡಿ ಹೊತ್ತನ್ನು ಗಟ್ಟಿಯಾಗಿ ನುಡಿಯಬೇಕು. ನುಡಿಯುವ ತನಕ ಆ ಸಾವು ಸಾವಲ್ಲ. ನರ್ಸು ಕೇಳುತ್ತಾಳೆ, ಇವನು ಹೇಳುತ್ತಾನೆ. ಎಷ್ಟು ಸಲ ಹೇಳಿದ್ದನೋ! ಇಲ್ಲಿ ಜಿಂಕೆ ಇನ್ನೂ ಉಸಿರಾಡುತ್ತಿತ್ತು. ಆದರೂ ಮಣಿಕಟ್ಟು ತಾನಾಗಿ ಮೇಲೆದ್ದಿತು. ನೋಡಿದ. ಹೊತ್ತನ್ನು ಹೇಳಿದ.

ಸ್ಸೂ...

ಗುಳ್ ಎಂಬ ಸದ್ದು ಬರಲಿಲ್ಲ.

ಗೌನು ಪರಪರ ಎಂದಿತು. ಗ್ಲೌಸು ಕಳಚಿದ ಸದ್ದು... ಚಟ್. ಸ್ವಲ್ಪ ತಡೆದು, ಇನ್ನೊಂದು... ಚಟ್. ಅವನು ದೀಪವನ್ನು ಅತ್ತ ತಿರುಗಿಸುವಷ್ಟರಲ್ಲಿ ಬರಿಯ ಕಲ್ಲು.

ಬಸಲಿಂಗಪ್ಪನವರು ಏದುಸಿರು ಬಿಡುತ್ತ ಬಂದರು. "ಯಾರ ಜೋಡಿ ಮಾತಾಡಿದ್ಯೋ? ಟೈಮ್ ಹೇಳಿದ್ದು ಕೇಳಿಸ್ತು."

"ನರ್ಸ್ ಜೋಡಿ."

"ಎಲ್ಲಿ ಅದಾಳ?"

"ಶಿಫ್ಟ್ ಮುಗೀತು, ಅಂಕಲ್. ಹೋದ್ಳು."

ಅವರು ಅವನ ಮುಖಕ್ಕೆ ದೀಪ ಹಿಡಿದು ನೋಡಿದರು. ಒಂದು ಕಡ್ಡಿ ಆಯ್ದುಕೊಂಡು ಜಿಂಕೆಯತ್ತ ಬಾಗಿದರು. ಬಿದ್ದ ಮೃಗದ ಹತ್ತಿರ ಹೋಗುವ ಮುನ್ನ ಬೇಟೆಗಾರನು ಕಡ್ಡಿಯಿಂದ ಅದರ ಕಣ್ಣನ್ನು ಮುಟ್ಟಿ ನೋಡುತ್ತಾನೆ. ಸತ್ತ ಜಿಂಕೆಯ ಕಣ್ಣು ತೆರೆದೇ ಇರುತ್ತದೆ. ಮುಚ್ಚಿದ್ದರೆ ಅದಕ್ಕೆ ಜೀವವಿದೆ ಎಂದು ಅರ್ಥ.

"ಹಿಂದ ಸರಿ!" ಎಂದು ಅವರು ಚೀರಿದರು. "ಜೀವ ಅದ!"

ಕಾದರು. ಪಕ್ಕೆ ಅಲುಗಲಿಲ್ಲ. ಕಡೆಗೆ ಬಸಲಿಂಗಪ್ಪನವರೇ ಹತ್ತಿರ ಹೋಗಿ ಎದೆಯ ಮೇಲೆ ಕೈಯಿಟ್ಟರು. ಏನೂ ಇರಲಿಲ್ಲ. ಮೂಗಿನ ಬಳಿ ಹಿಡಿದರು. ಏನೂ ಇರಲಿಲ್ಲ.

ಕಲ್ಮೇಶ ನನಗೆ ಮಗನಿದ್ದಂತೆ; ಅವನ ಮಾತೊಂದನ್ನೇ ನಂಬಿ ನಾನು ಇದನ್ನು ಹೇಳುತ್ತಿಲ್ಲ. ಬಸಲಿಂಗಪ್ಪನವರನ್ನು ಬೇರೆಯಾಗಿ ಕೂರಿಸಿಕೊಂಡು ಕೇಳಿದೆ. ಅವರು ಕೊರಳಿನ ಲಿಂಗವನ್ನು ಮುಟ್ಟಿಕೊಂಡು ಹೇಳಿದರು. ನರ್ಸನ್ನು ಅವರು ಕಾಣಲಿಲ್ಲ. ಆದರೆ ಜಿಂಕೆ ಸತ್ತಿತ್ತು; ಅದರ ಎರಡು ಕಣ್ಣೂ ಮುಚ್ಚಿದ್ದವು. ನಡೆದದ್ದು ಇದು.