ಗಿಟಾರಿನ ಕತ್ತು ಒಣಗುವ ತನಕ

ದೀಪ ಆರಿಸಬೇಡಿ, ಸಣ್ಣ ಮಾಡಿ ಸಾಕು. ಇದು ನಮ್ಮ ದೊಡ್ಡಮ್ಮನ ಹಿರಿಮಗನಿಗೆ ಆದದ್ದು. ಬಡಗಿ ಅವನು. ಸುಳ್ಳು ಹೇಳಿದರೆ ನನ್ನ ನಾಲಿಗೆ ಬಿದ್ದುಹೋಗಲಿ.

ಅವತ್ತು ಕೆಲಸ ಮುಗಿಸಿ ಬರುವಾಗ ಹನ್ನೊಂದು ದಾಟಿತ್ತು. ದಾರಿಯಲ್ಲಿ ಹಳೆಯ ಬಾವಿ. ಒಂದು ವರ್ಷದಿಂದ ಅವನು ಆ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಅವನ ತಮ್ಮ ಹೋದದ್ದು ಅದರಲ್ಲೇ... ರಾಟೆ ಕಿರ್ರ್ ಎಂದಿತು. ಗಾಳಿ ಇರಲಿಲ್ಲ. ಆಮೇಲೆ, ಕಿವಿಯ ಹತ್ತಿರವೇ, ಪಿಸುದನಿ.

"ಅಣ್ಣಾ... ಒಣಗಿತಾ?"

ತಮ್ಮನದೇ ದನಿ ಅಂತ ಬಡಗಿ ಗುರುತು ಹಿಡಿದ. ಏನು ಒಣಗಬೇಕು ಅಂತ ಅವನಿಗೆ ಗೊತ್ತಿತ್ತು.

ತಮ್ಮನಿಗೆ ಗಿಟಾರಿನ ಹುಚ್ಚು. ಅಣ್ಣ ಬಿಸಾಕಿದ ಹಲಗೆಗಳಿಂದ ತಾನೇ ಒಂದು ಮಾಡಿದ್ದ. ಅದರ ಉದ್ದನೆಯ ಕತ್ತಿಗೆ ಮಾತ್ರ ಅಣ್ಣನೇ ವಾರ್ನಿಷ್ ಬಳಿಯಬೇಕು ಅಂತ ಹಟ. ಅಣ್ಣ ಮೂರು ಸಲ ಬಳಿದ, ಮೂರು ಸಲ ಮರಳುಕಾಗದದಲ್ಲಿ ಉಜ್ಜಿದ. ಕೊನೆಯ ಸಲ ಬಳಿದು, ದಾರ ಕಟ್ಟಿ ಮೊಳೆಗೆ ತೂಗುಹಾಕಿ, "ಎರಡು ದಿನ ಮುಟ್ಟಬೇಡ" ಅಂದ. ತಮ್ಮನಿಗೆ ತಾಳ್ಮೆ ಎಲ್ಲಿ? ಸಂಜೆಗೇ ಹೆಬ್ಬೆರಳು ಒತ್ತಿ ನೋಡಿದ. ಅಚ್ಚು ಬಿತ್ತು.

ಬಡಗಿಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. "ಇದು ಒಣಗೋ ತನಕ ಈ ಮನೆ ಹೊಸ್ತಿಲು ತುಳಿಬೇಡ, ಹೋಗು!" ಹೊರಗೆ ದಬ್ಬಿ ಅಗುಳಿ ಹಾಕಿದ. ತಮ್ಮ ಬಾವಿಕಟ್ಟೆ ಮೇಲೆ ಕೂತಿದ್ದನಂತೆ, ಕಾಲು ಜಾರಿತಂತೆ... ಕಂಡವರು ಯಾರು? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಅವರಮ್ಮ ಅವತ್ತು ಹಾಸಿಗೆ ಹಿಡಿದವಳು ಮತ್ತೆ ಏಳಲಿಲ್ಲ. ಹಿರಿಮಗನ ಜೊತೆ ಮಾತೂ ಬಿಟ್ಟಳು.

ಆ ಹೆಬ್ಬೆಟ್ಟಿನ ಗುರುತು ಮಾತ್ರ ಒಣಗಲೇ ಇಲ್ಲ. ಸುತ್ತ ಗಟ್ಟಿ, ಅಷ್ಟು ಜಾಗ ಅಂಟಂಟು. ಬಡಗಿ ಉಜ್ಜಿ ತೆಗೆದು ಹೊಸದಾಗಿ ಬಳಿದ. ಬಿಸಿಲಿಗಿಟ್ಟ. ಬೆಳಿಗ್ಗೆ ನೋಡಿದರೆ ಅದೇ ಜಾಗದಲ್ಲಿ ಅದೇ ಗುರುತು, ತಮ್ಮನ ಹೆಬ್ಬೆರಳಿಗೆ ಉಳಿ ತಾಗಿದ್ದ ಗಾಯದ ಗೆರೆ ಸಮೇತ. ವರ್ಷವಿಡೀ ಇದೇ ಪಾಡು.

ಅವತ್ತು ರಾತ್ರಿ ಓಡಿ ಬಂದು ಅಗುಳಿ ಜಡಿದ. ದೀಪ ಹಿಡಿದು ಗಿಟಾರಿನ ಕತ್ತು ಮುಟ್ಟಿದ. ಅಂಟು... ಹೊರಗೆ, ಹೊಸ್ತಿಲ ಹತ್ತಿರ, ಟಪ್... ಟಪ್... ನೀರು ತೊಟ್ಟಿಕ್ಕುವ ಸದ್ದು.

"ಅಣ್ಣಾ... ಒಣಗಿತಾ?"

ಒಳಗಿನಿಂದ ಅಮ್ಮನ ದನಿ ಬಂತು, ವರ್ಷದ ಮೇಲೆ ಮೊದಲ ಸಲ.

"ಮಗು ಒದ್ದೆಯಾಗಿದೆ ಕಣೋ."

ಬಡಗಿಗೆ ಭಯವಾಯಿತು. ಭಯಕ್ಕಿಂತ ಹೆಚ್ಚು ಅಳು ಬಂತು. ಅಗುಳಿ ತೆಗೆದು ಬಾಗಿಲು ಪೂರ್ತಿ ತೆರೆದ. ಹೊರಗೆ ಯಾರೂ ಇಲ್ಲ. ಬರೀ ಕತ್ತಲು.

"ಒಣಗದಿದ್ರೆ ಹಾಳಾಗ್ಲಿ..." ಅಂದ. "ನೀನು ಒಳಗೆ ಬಾರೋ."

ಸದ್ದು ನಿಂತಿತು. ಬಾಗಿಲು ತೆರೆದೇ ಇಟ್ಟು ಅವನು ಅಮ್ಮನ ಕಾಲ ಹತ್ತಿರ ಮಲಗಿದ.

ಬೆಳಿಗ್ಗೆ ಎದ್ದವನೇ ಗಿಟಾರು ಮುಟ್ಟಿದ. ಕತ್ತು ನುಣ್ಣಗಿತ್ತು. ಗುರುತೇ ಇಲ್ಲ.

ಬಾಗಿಲು ಮುಚ್ಚಿತ್ತು. ಒಳಗಿನಿಂದ ಅಗುಳಿ ಬಿದ್ದಿತ್ತು.

ಬೇಕಾದರೆ ನಾಳೆ ಹೋಗಿ ನೋಡಿ, ಆ ಅಗುಳಿ ಮೇಲೆ ವಾರ್ನಿಷ್‌ನ ಒಂದು ಹೆಬ್ಬೆಟ್ಟಿದೆ. ನಾನೇ ಉಗುರಿನಲ್ಲಿ ಕೆರೆದು ನೋಡಿದ್ದೇನೆ... ಚೆನ್ನಾಗಿ ಒಣಗಿದೆ.